‘ಸಪಿಂಡ’: ಒಂದು ಪದದ ಅರ್ಥ, ಅದರ ಸಂದರ್ಭ ಮತ್ತು ದಾಯದ ಹಕ್ಕು

ಸಾರಾಂಶ: ಪದದ ಅರ್ಥವು ಸಂದರ್ಭಾಧೀನ ಎಂಬ ಮಾತನ್ನು ಒಪ್ಪಿದ ಮೇಲೂ ಯಾವ ಸಂದರ್ಭಕ್ಕೆ ಅಧೀನ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಸ್ತುತ ಲೇಖನವು ಧರ್ಮಶಾಸ್ತ್ರದ ‘ಸಪಿಂಡ’ ಎಂಬ ಒಂದೇ ಪದದ ಚರಿತ್ರೆಯನ್ನು ಕಲ್ಯಾಣದ ವಿಜ್ಞಾನೇಶ್ವರನಿಂದ 1956ರ ಶಾಸನದವರೆಗೆ ಅನುಸರಿಸಿ ಆ ಪ್ರಶ್ನೆಯನ್ನು ಪರಿಶೀಲಿಸುತ್ತದೆ. ಪದದ ಅನೇಕಾರ್ಥತೆಗಿಂತ, ಅರ್ಥವನ್ನು ನಿಯಮಿಸಿದ ಸಂದರ್ಭವನ್ನು ಕಳಚಿಟ್ಟು ಪಠ್ಯವನ್ನು ಸಾಗಿಸಿದ್ದೇ ಸಂವಹನದ ತೊಡಕಿಗೆ ಹೆಚ್ಚಿನ ಕಾರಣವಾಯಿತು ಎಂಬುದು ನಮ್ಮ ವಾದ.

1. ಪ್ರಶ್ನೆಯ ಸ್ವರೂಪ

ಪದಕ್ಕೆ ಅರ್ಥ ಬರುವುದು ಸಂದರ್ಭದಿಂದ ಎಂಬುದು ಇಂದಿನ ಅರ್ಥವಿಜ್ಞಾನದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಆಗ್ಡೆನ್ ಮತ್ತು ರಿಚರ್ಡ್ಸ್ ಅವರು 1923ರಲ್ಲಿ ಪ್ರಕಟಿಸಿದ ಅರ್ಥವಿಚಾರದ ಗ್ರಂಥಕ್ಕೆ ಅನುಬಂಧವಾಗಿ ಮಾಲಿನೋವ್‌ಸ್ಕಿ ಬರೆದ ಪ್ರಬಂಧವೂ, 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ಮುಂದೆ ಲಂಡನ್ನಿನಲ್ಲಿ ಭಾಷಾವಿಜ್ಞಾನದ ಪರಂಪರೆಯೊಂದನ್ನು ಕಟ್ಟಿದ ಜೆ. ಆರ್. ಫರ್ತ್ ಅವರ ಬರಹಗಳೂ ಈ ಮಾತಿಗೆ ಆಧುನಿಕ ರೂಪವನ್ನು ಕೊಟ್ಟವು. ಆದರೆ ‘ಸಂದರ್ಭ’ ಎಂಬುದು ಏಕರೂಪವಾದ ವಸ್ತುವಲ್ಲ. ವಾಕ್ಯದಲ್ಲಿ ನೆರೆಯಲ್ಲಿರುವ ಪದಗಳು ಒಂದು ಸಂದರ್ಭ. ಗ್ರಂಥದ ಪ್ರಕರಣ ಇನ್ನೊಂದು. ಮಾತನ್ನು ಕೇಳುವವರ ನಾಡು, ಕಾಲ, ಆಚಾರಗಳು ಮತ್ತೊಂದು. ಇವೆಲ್ಲವೂ ಒಂದೇ ಅರ್ಥದತ್ತ ಬೆರಳು ತೋರಿಸುವಾಗ ತೊಡಕಿಲ್ಲ. ಒಂದಕ್ಕೊಂದು ಒಪ್ಪದಿದ್ದಾಗ ಯಾವುದಕ್ಕೆ ಮಣೆ ಹಾಕಬೇಕು?

ಈ ಪ್ರಶ್ನೆಗೆ ‘ಸಪಿಂಡ’ ಎಂಬ ಪದವು ಒಳ್ಳೆಯ ಉದಾಹರಣೆಯನ್ನು ಒದಗಿಸುತ್ತದೆ. ಅದರ ಉತ್ತರಪದವಾದ ‘ಪಿಂಡ’ವು ಸಂಸ್ಕೃತದಲ್ಲಿ ಉಂಡೆ, ಮುದ್ದೆ, ದೇಹ ಎಂಬ ಅರ್ಥಗಳನ್ನೂ, ಶ್ರಾದ್ಧದಲ್ಲಿ ಪಿತೃಗಳಿಗೆ ಇಡುವ ಅನ್ನದ ಉಂಡೆ ಎಂಬ ಅರ್ಥವನ್ನೂ ಪಡೆದಿದೆ. ಕನ್ನಡದಲ್ಲಿಯೂ ಈ ಹರಹು ಉಳಿದಿದೆ. ತಾಯಿಯ ಗರ್ಭದಲ್ಲಿ ಬೆಳೆಯುವುದು ಪಿಂಡ. ಸತ್ತವರಿಗೆ ಇಡುವುದೂ ಪಿಂಡ. ವೀರಶೈವ ಷಟ್‌ಸ್ಥಲ ಶಾಸ್ತ್ರದ ಪಿಂಡಸ್ಥಲದಲ್ಲಿ ಅದು ಪಾರಿಭಾಷಿಕ ಪದ. ‘ಪಿಂಡಾಂಡ’ ಎಂದಾಗ ಬ್ರಹ್ಮಾಂಡಕ್ಕೆ ಎದುರಾದ ದೇಹ. ಸಿಟ್ಟಿನಲ್ಲಿ ‘ನಿನ್ನ ಪಿಂಡ’ ಎಂದಾಗ ಬರಿಯ ಬೈಗುಳ. ಹುಟ್ಟಿಗೂ ಸಾವಿಗೂ ಸಲ್ಲುವ ಈ ಪದವನ್ನು ದಿನಬಳಕೆಯಲ್ಲಿ ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಸಂದರ್ಭವು ಕೂಡಲೇ ಅರ್ಥವನ್ನು ಕಟ್ಟಿಹಾಕುತ್ತದೆ. ಆದರೆ ‘ಸಮಾನವಾದ ಪಿಂಡವುಳ್ಳವನು’ ಎಂದು ಸಮಾಸವಾಗಿ ಅದು ಧರ್ಮಶಾಸ್ತ್ರವನ್ನು ಹೊಕ್ಕಾಗ, ಸಮಾನವಾದದ್ದು ದೇಹವೋ ಅನ್ನದ ಉಂಡೆಯೋ ಎಂಬುದರ ಮೇಲೆ ಮೃತನ ಹೊಲಮನೆಗಳು ಯಾರಿಗೆ ಸೇರಬೇಕು, ಯಾರು ಯಾರನ್ನು ಮದುವೆಯಾಗಬಾರದು ಎಂಬುದು ನಿಂತಿತು.

2. ಸಂದರ್ಭದ ಪಟ್ಟಿ ಮತ್ತು ಸಂದರ್ಭದ ಶ್ರೇಣಿ

ಭಾರತೀಯ ಶಬ್ದವಿಚಾರದಲ್ಲಿ ಸಂದರ್ಭವನ್ನು ಎರಡು ಬಗೆಯಾಗಿ ಕಾಣಲಾಗಿದೆ. ಸುಮಾರು 5ನೆಯ ಶತಮಾನದ ಭರ್ತೃಹರಿಯು ‘ವಾಕ್ಯಪದೀಯ’ದ ಎರಡನೆಯ ಕಾಂಡದಲ್ಲಿ ಅನೇಕಾರ್ಥಕ ಶಬ್ದವನ್ನು ಒಂದು ಅರ್ಥಕ್ಕೆ ನಿಲ್ಲಿಸುವ ಕಾರಣಗಳನ್ನು ಎಣಿಸುತ್ತಾನೆ: ಸಂಸರ್ಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಯೋಜನ, ಪ್ರಕರಣ, ಲಿಂಗ, ಇನ್ನೊಂದು ಶಬ್ದದ ಸನ್ನಿಧಿ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ, ವ್ಯಾಕರಣದ ಲಿಂಗಭೇದ, ಸ್ವರ. ‘ಸೈಂಧವ’ವನ್ನು ತಾ ಎಂದಾಗ ಊಟಕ್ಕೆ ಕುಳಿತವನಿಗೆ ಉಪ್ಪನ್ನೂ ಪಯಣಕ್ಕೆ ಹೊರಟವನಿಗೆ ಕುದುರೆಯನ್ನೂ ತರಬೇಕೆಂಬ ಪ್ರಸಿದ್ಧ ಉದಾಹರಣೆ ಪ್ರಕರಣಕ್ಕೆ ಸೇರಿದ್ದು. ಈ ಪಟ್ಟಿಯನ್ನು 11ನೆಯ ಶತಮಾನದಲ್ಲಿ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಉದ್ಧರಿಸಿದ ಮೇಲೆ ಅದು ಕಾವ್ಯಮೀಮಾಂಸೆಯ ಸಾಮಾನ್ಯ ಸ್ವತ್ತಾಯಿತು. ಆದರೆ ಇದು ಪಟ್ಟಿ ಮಾತ್ರ. ಎರಡು ಕಾರಣಗಳು ಎದುರುಬದುರಾದರೆ ಯಾವುದು ಗೆಲ್ಲಬೇಕೆಂಬುದನ್ನು ಅದು ಹೇಳುವುದಿಲ್ಲ.

ಆ ಕೆಲಸವನ್ನು ಮಾಡಿದ್ದು ಮೀಮಾಂಸೆ. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯವು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳನ್ನು ಕ್ರಮವಾಗಿ ಇರಿಸಿ, ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ವಿಧಿಸುತ್ತದೆ. ಮುಂದುಮುಂದಿನ ಪ್ರಮಾಣವು ಅರ್ಥದಿಂದ ಹೆಚ್ಚುಹೆಚ್ಚು ದೂರದಲ್ಲಿರುತ್ತದೆ ಎಂಬುದು ಅದಕ್ಕೆ ಕಾರಣ. ಇಲ್ಲಿ ‘ಲಿಂಗ’ವೆಂದರೆ ಶಬ್ದದ ಸ್ವಂತ ಸಾಮರ್ಥ್ಯ. ಈ ಶ್ರೇಣಿಯು ಮೂಲತಃ ಯಜ್ಞದಲ್ಲಿ ಯಾವ ಅಂಗವು ಯಾವ ಪ್ರಧಾನಕರ್ಮಕ್ಕೆ ಸೇರುತ್ತದೆ ಎಂಬುದನ್ನು ನಿರ್ಣಯಿಸಲು ಹುಟ್ಟಿದ್ದು. ಪದಾರ್ಥನಿರ್ಣಯಕ್ಕೆ ಅದನ್ನು ನಾವು ಇಲ್ಲಿ ಅನ್ವಯಿಸುತ್ತಿರುವುದು ವಿಸ್ತರಣೆಯೇ ಸರಿ. ಆದರೂ ಸಂದರ್ಭಗಳಿಗೆ ಬಲಾಬಲಗಳುಂಟು ಎಂಬ ತತ್ತ್ವವು ಅಲ್ಲಿ ಸ್ಪಷ್ಟವಾಗಿದೆ. ಇದರೊಡನೆ ಇನ್ನೆರಡು ನಿಯಮಗಳನ್ನು ನೆನೆಯಬೇಕು. ಅಗತ್ಯವಿಲ್ಲದೆ ಒಂದು ಶಬ್ದಕ್ಕೆ ಅನೇಕ ಅರ್ಥಗಳನ್ನು ಕಲ್ಪಿಸುವುದು ನ್ಯಾಯವಲ್ಲ ಎಂಬುದು ಒಂದು. ಅವಯವಗಳಿಂದ ದೊರೆಯುವ ಯೋಗಾರ್ಥಕ್ಕಿಂತ ರೂಢಿಯ ಅರ್ಥ ಬಲವತ್ತರ ಎಂಬುದು ಇನ್ನೊಂದು.

ಯಾರ ರೂಢಿ ಎಂಬ ಪ್ರಶ್ನೆಯನ್ನೂ ಮೀಮಾಂಸಕರು ಎತ್ತಿದ್ದರು. ‘ಪಿಕ’, ‘ನೇಮ’, ‘ತಾಮರಸ’ ಮುಂತಾದ ಪದಗಳಿಗೆ ಆರ್ಯರಲ್ಲಿ ಬಳಕೆಯಿಲ್ಲದಿದ್ದರೆ, ಅವುಗಳನ್ನು ಬಳಸುವ ಮ್ಲೇಚ್ಛರ ಅರ್ಥವನ್ನೇ ಸ್ವೀಕರಿಸಬೇಕೆಂಬುದು ಒಂದು ಅಧಿಕರಣದ ನಿರ್ಣಯ. ಅದರ ಚರ್ಚೆಯಲ್ಲಿ ಕುಮಾರಿಲಭಟ್ಟನು ದ್ರಾವಿಡ ಪದಗಳ ಕೆಲವು ಉದಾಹರಣೆಗಳನ್ನು ಕೊಡುತ್ತಾನೆ. ಅನ್ನವನ್ನು ಹೇಳುವ ‘ಚೋರ್’ ಎಂಬುದನ್ನು ಕೇಳಿದ ಸಂಸ್ಕೃತಜ್ಞನು ಕೊನೆಗೊಂದು ಸ್ವರವನ್ನು ಹಚ್ಚಿ ಅದನ್ನು ಕಳ್ಳನನ್ನು ಹೇಳುವ ‘ಚೋರ’ ಎಂದುಕೊಳ್ಳುತ್ತಾನೆ. ಹಾವನ್ನು ಹೇಳುವ ‘ಪಾಪ್’ ಎಂಬುದನ್ನು ‘ಪಾಪ’ ಎಂದುಕೊಳ್ಳುತ್ತಾನೆ. ಹಳಗನ್ನಡದ ‘ಪಾವು’ ತಿಳಿದವರಿಗೆ ಆ ಎರಡನೆಯ ಪದ ಅಪರಿಚಿತವಲ್ಲ. ಪದವು ತನ್ನ ಸಮುದಾಯದಿಂದ ಹೊರಕ್ಕೆ ಸಾಗಿದಾಗ, ಕೇಳುಗನು ತನ್ನಲ್ಲಿರುವ ಹತ್ತಿರದ ಅರ್ಥವನ್ನು ಅದಕ್ಕೆ ತೊಡಿಸುತ್ತಾನೆ. ‘ಸಪಿಂಡ’ದ ಚರಿತ್ರೆಯಲ್ಲಿ ಇದೇ ಬಗೆಯ ಘಟನೆ ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಸಂಭವಿಸುವುದನ್ನು ಮುಂದೆ ಕಾಣುತ್ತೇವೆ.

3. ಕಲ್ಯಾಣದ ನಿರ್ಣಯ: ಎಲ್ಲೆಡೆಯೂ ಒಂದೇ ಅರ್ಥ

ಮನುಸ್ಮೃತಿಯಲ್ಲಿ ‘ಸಪಿಂಡ’ ಪದವು ಮೂರು ಬೇರೆಬೇರೆ ಪ್ರಕರಣಗಳಲ್ಲಿ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ವಿವಾಹ: ವಧುವು ತಾಯಿಯ ಕಡೆಯಿಂದ ಸಪಿಂಡೆಯಾಗಿರಬಾರದು. ಐದನೆಯದರಲ್ಲಿ ಆಶೌಚ: ಸಾಪಿಂಡ್ಯವು ಏಳನೆಯ ಪುರುಷನಲ್ಲಿ ನಿಲ್ಲುತ್ತದೆ. ಒಂಬತ್ತನೆಯದರಲ್ಲಿ ದಾಯ: ಮೃತನ ಧನವು ಅತಿ ಸಮೀಪದ ಸಪಿಂಡನಿಗೆ ಸೇರುತ್ತದೆ. ಮೂರೂ ಕಡೆ ಪದ ಒಂದೇ. ಅರ್ಥವೂ ಒಂದೆಯೇ?

ಈ ಪ್ರಶ್ನೆಗೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಉತ್ತರ ಕೊಟ್ಟನು. ಅವನ ಚರ್ಚೆ ಬರುವುದು ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿ, 52 ಮತ್ತು 53ನೆಯ ಶ್ಲೋಕಗಳ ಮೇಲೆ. ಅದನ್ನು ನಾವು ಅರ್ಥವಿಜ್ಞಾನದ ದೃಷ್ಟಿಯಿಂದ ನಾಲ್ಕು ಹೆಜ್ಜೆಗಳಾಗಿ ಬಿಡಿಸಬಹುದು.

ಮೊದಲನೆಯದು, ಅರ್ಥದ ಸ್ಥಾಪನೆ. ಒಂದೇ ಶರೀರದ ಅವಯವಗಳ ಅನ್ವಯವೇ ಸಾಪಿಂಡ್ಯ. ತಂದೆಯ ಶರೀರಾಂಶ ಮಗನಲ್ಲಿ, ಅಜ್ಜನದು ತಂದೆಯ ಮೂಲಕ ಮೊಮ್ಮಗನಲ್ಲಿ. ಹಾಗೆಯೇ ತಾಯಿಯ ಮೂಲಕ ತಾಯಿಯ ತಂದೆ, ಸೋದರಮಾವ ಮೊದಲಾದವರೊಡನೆ ಸಂಬಂಧ. ಗಂಡಹೆಂಡಿರು ಕೂಡಿ ಒಂದು ಶರೀರವನ್ನು ಹುಟ್ಟಿಸುವುದರಿಂದ ಅವರೂ ಸಪಿಂಡರು. ಎರಡನೆಯದು, ಎದುರುಪಕ್ಷದ ನಿರಾಕರಣೆ. ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ ಎಂದರೆ ತಾಯಿಯ ಸಂತಾನಕ್ಕೂ ಸೋದರರ ಮಕ್ಕಳು, ಚಿಕ್ಕಪ್ಪ ದೊಡ್ಡಪ್ಪಂದಿರು ಮೊದಲಾದವರಿಗೂ ಸಾಪಿಂಡ್ಯ ಹೊಂದುವುದಿಲ್ಲ. ಆದರೆ ಪದದ ಬಳಕೆ ಅವರಿಗೂ ಉಂಟು. ಅರ್ಥವು ಪ್ರಯೋಗದ ವ್ಯಾಪ್ತಿಯನ್ನು ಪೂರ್ತಿಯಾಗಿ ಮುಚ್ಚಬೇಕೆಂಬ ಅಪೇಕ್ಷೆ ಇಲ್ಲಿದೆ. ಮೂರನೆಯದು, ರೂಢಿವಾದದ ನಿರಾಕರಣೆ. ಸಮುದಾಯಶಕ್ತಿಯಿಂದ ಈ ಪದ ಕೆಲವು ಬಂಧುಗಳನ್ನು ಸುಮ್ಮನೆ ಹೇಳುತ್ತದೆ ಎಂದು ಒಪ್ಪಿದರೆ, ಪ್ರತಿ ಪ್ರಯೋಗದಲ್ಲಿಯೂ ಕಾಣುತ್ತಿರುವ ಅವಯವಶಕ್ತಿಯನ್ನು ಕೈಬಿಟ್ಟಂತಾಗುತ್ತದೆ. ಹೀಗೆ ವಾದಿಸಿ, ಸಪಿಂಡ ಶಬ್ದ ಎಲ್ಲೆಲ್ಲಿ ಬಂದರೂ ಅಲ್ಲಲ್ಲಿ ನೇರವಾಗಿಯೋ ಪರಂಪರೆಯಿಂದಲೋ ಏಕಶರೀರದ ಅವಯವಾನ್ವಯವನ್ನೇ ತಿಳಿಯಬೇಕೆಂದು ಅವನು ನಿಯಮಿಸುತ್ತಾನೆ.

ನಾಲ್ಕನೆಯ ಹೆಜ್ಜೆ ಭಾಷಾವಿಜ್ಞಾನಿಗೆ ಎಲ್ಲಕ್ಕಿಂತ ಮುಖ್ಯ. ಈ ಅರ್ಥ ಅತಿವ್ಯಾಪ್ತವೆಂಬುದನ್ನು ಅವನೇ ಕಾಣುತ್ತಾನೆ: ಆದಿಯಿಲ್ಲದ ಸಂಸಾರದಲ್ಲಿ ಎಲ್ಲರೂ ಎಲ್ಲರೊಡನೆ ಹೇಗೋ ಶರೀರಸಂಬಂಧವುಳ್ಳವರೇ. ಆಗ ಮದುವೆಗೆ ಹೆಣ್ಣೇ ಸಿಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಅವನು ‘ಪಂಕಜ’ ಮತ್ತು ‘ನಿರ್ಮಂಥ್ಯ’ ಪದಗಳನ್ನು ನೆನಪಿಸುತ್ತಾನೆ. ಕೆಸರಿನಲ್ಲಿ ಹುಟ್ಟುವುದೆಲ್ಲವೂ ಪಂಕಜವಾಗಬೇಕಾಗಿದ್ದರೂ ಆ ಪದ ತಾವರೆಗೆ ಮಾತ್ರ ಸಲ್ಲುತ್ತದೆ. ಕಡೆದು ಪಡೆಯುವುದೆಲ್ಲವೂ ನಿರ್ಮಂಥ್ಯವಾಗಬೇಕಾಗಿದ್ದರೂ ಅದು ಬೆಣ್ಣೆಗೆ ಸಲ್ಲದೆ ಅರಣಿಯಿಂದ ಕಡೆದ ಬೆಂಕಿಗೆ ಸಲ್ಲುತ್ತದೆ. ಹಾಗೆಯೇ ಅವಯವಶಕ್ತಿಯಿಂದಲೇ ನಡೆಯುವ ‘ಸಪಿಂಡ’ವೂ ನಿಯತವಾದ ವಿಷಯದಲ್ಲಿ ನಿಲ್ಲುತ್ತದೆ, ತಂದೆಯ ಕಡೆ ಏಳನೆಯವರೆಗೆ, ತಾಯಿಯ ಕಡೆ ಐದನೆಯವರೆಗೆ. ಅರ್ಥ ಒಂದೇ, ಎಲ್ಲೆ ಬೇರೆ. ಪದದ ಒಳಗಿನ ಶಕ್ತಿ ಅರ್ಥವನ್ನು ಕೊಡುತ್ತದೆ. ಸಂದರ್ಭವು ಅದಕ್ಕೆ ಬೇಲಿ ಹಾಕುತ್ತದೆ, ಅರ್ಥವನ್ನೇ ಬದಲಿಸುವುದಿಲ್ಲ.

4. ವಂಗದ ನಿರ್ಣಯ: ಪ್ರಕರಣಕ್ಕೊಂದು ಅರ್ಥ

ಸುಮಾರು 12ನೆಯ ಶತಮಾನದಲ್ಲಿ ವಂಗದೇಶದ ಜೀಮೂತವಾಹನನು ‘ದಾಯಭಾಗ’ದಲ್ಲಿ ಬೇರೆಯದೇ ದಾರಿಯನ್ನು ಹಿಡಿದನು. ಮೃತನಿಗೂ ಅವನ ಪಿತೃಗಳಿಗೂ ಪಿಂಡಪ್ರದಾನದಿಂದ ಯಾರು ಹೆಚ್ಚು ಉಪಕಾರ ಮಾಡುತ್ತಾರೋ ಅವರೇ ದಾಯಕ್ಕೆ ಹೆಚ್ಚು ಅರ್ಹರು ಎಂಬುದು ಅವನ ಮೂಲತತ್ತ್ವ. ಅದಕ್ಕೆ ಅವನು ಆಧರಿಸಿದ್ದು ಶಬ್ದದ ಅವಯವಶಕ್ತಿಯನ್ನಲ್ಲ, ಸಂದರ್ಭವನ್ನು. ಮನುಸ್ಮೃತಿಯ ದಾಯಪ್ರಕರಣದಲ್ಲಿ ಸಪಿಂಡನಿಗೆ ಧನ ಸೇರುತ್ತದೆ ಎನ್ನುವ ವಿಧಿಗೆ ತುಸು ಮುಂಚೆಯೇ, ಮೂವರಿಗೆ ಜಲವನ್ನೂ ಮೂವರಿಗೆ ಪಿಂಡವನ್ನೂ ಕೊಡಬೇಕು, ಕೊಡುವವನು ನಾಲ್ಕನೆಯವನು, ಐದನೆಯವನಿಗೆ ಸಂಬಂಧವಿಲ್ಲ ಎಂಬ ಮಾತಿದೆ. ಬೌಧಾಯನನ ವಚನವೊಂದರಲ್ಲಿ ಮುತ್ತಜ್ಜನಿಂದ ಮರಿಮಗನವರೆಗಿನವರು ಅವಿಭಕ್ತ ದಾಯವನ್ನು ಅನುಭವಿಸುವುದರಿಂದ ಸಪಿಂಡರೆನಿಸುತ್ತಾರೆ, ಅದಕ್ಕಿಂತ ದೂರದವರು ಸಕುಲ್ಯರು ಎಂದಿದೆ. ಭರ್ತೃಹರಿಯ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಪ್ರಕರಣ, ಎರಡನೆಯದು ‘ದಾಯ’ವೆಂಬ ಇನ್ನೊಂದು ಶಬ್ದದ ಸನ್ನಿಧಿ.

ಹಾಗಾದರೆ ಏಳು ತಲೆಮಾರಿನ ಸಾಪಿಂಡ್ಯದ ಗತಿಯೇನು? ದಾಯಕ್ಕಾಗಿ ಹೇಳಿದ ಸಾಪಿಂಡ್ಯ ಬೇರೆ, ಆಶೌಚಾದಿಗಳಿಗೆ ಹೇಳಿದ ಸಾಪಿಂಡ್ಯ ಬೇರೆ ಎಂದು ಜೀಮೂತವಾಹನನು ಬಿಡಿಸಿಹೇಳುತ್ತಾನೆ. ಕಲ್ಯಾಣದಲ್ಲಿ ಒಂದಾಗಿದ್ದ ಅರ್ಥ ಇಲ್ಲಿ ಪ್ರಕರಣಾನುಸಾರ ಎರಡಾಯಿತು. ಇಬ್ಬರಲ್ಲಿ ಒಬ್ಬರು ಸಂದರ್ಭವಾದಿ, ಇನ್ನೊಬ್ಬರು ಅಲ್ಲ ಎಂದು ನಾವು ತೀರ್ಮಾನಿಸುವಂತಿಲ್ಲ. ವಿಜ್ಞಾನೇಶ್ವರನು ಶಬ್ದಸಾಮರ್ಥ್ಯವನ್ನು ಪ್ರಕರಣಕ್ಕಿಂತ ಮೇಲಿಟ್ಟು ಅನೇಕಾರ್ಥಕಲ್ಪನೆಯನ್ನು ತಪ್ಪಿಸಿದನು. ಜೀಮೂತವಾಹನನು ಪ್ರಕರಣವನ್ನೂ ಪದಸನ್ನಿಧಿಯನ್ನೂ ಮೇಲಿಟ್ಟು ಅನೇಕಾರ್ಥತೆಯನ್ನು ಒಪ್ಪಿಕೊಂಡನು. ಭೇದವಿರುವುದು ಸಂದರ್ಭಗಳ ಶ್ರೇಣಿಯಲ್ಲಿ.

ಈ ಭೇದದ ಫಲ ಎಷ್ಟು ದೊಡ್ಡದೆಂಬುದಕ್ಕೆ ಸೋದರಳಿಯನ ಸ್ಥಾನವೊಂದೇ ಸಾಕು. ಅಕ್ಕತಂಗಿಯರ ಮಗನು ತನ್ನ ತಾಯಿಯ ತಂದೆಗೆ, ಎಂದರೆ ಮೃತನ ತಂದೆಗೆ, ಪಿಂಡವನ್ನಿಡುತ್ತಾನೆ. ಆದ್ದರಿಂದ ದಾಯಭಾಗದಲ್ಲಿ ಅವನು ದೂರದ ದಾಯಾದಿಗಳನ್ನು ಹಿಂದಿಕ್ಕುತ್ತಾನೆ. ಮಿತಾಕ್ಷರೆಯಲ್ಲಿ ಅವನು ಭಿನ್ನಗೋತ್ರದ ‘ಬಂಧು’. ಗೋತ್ರಜರೆಲ್ಲ ಮುಗಿದ ಮೇಲೆ ಅವನ ಸರದಿ. ಮಿತಾಕ್ಷರಾ ಪ್ರಾಂತಗಳಲ್ಲಿ ಅವನನ್ನು ಮೇಲಕ್ಕೆ ತರಲು 1929ರ ಹಿಂದೂ ದಾಯ ತಿದ್ದುಪಡಿ ಕಾಯಿದೆಯೇ ಬೇಕಾಯಿತು.

5. ದಕ್ಷಿಣದ ಆಚಾರ ಮತ್ತು ಬಂಧುವಾಚಕಗಳ ಒತ್ತಡ

ಮಿತಾಕ್ಷರೆ ಹುಟ್ಟಿದ ನಾಡಿನಲ್ಲಿಯೇ ಅದರ ಅರ್ಥಕ್ಕೆ ಇನ್ನೊಂದು ಸಂದರ್ಭ ಎದುರಾಗಿತ್ತು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದು ದಕ್ಷಿಣದವರ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಗುರುತಿಸಿತ್ತು. ಈ ಆಚಾರವು ಕನ್ನಡದ ಪದಕೋಶದಲ್ಲಿಯೇ ನೆಲಸಿದೆ. ‘ಮಾವ’ನೆಂದರೆ ತಾಯಿಯ ಸೋದರನೂ ಹೌದು, ಹೆಂಡತಿಯ ಅಥವಾ ಗಂಡನ ತಂದೆಯೂ ಹೌದು. ‘ಅತ್ತೆ’ ತಂದೆಯ ಸೋದರಿಯೂ ಹೌದು, ಗಂಡನ ಅಥವಾ ಹೆಂಡತಿಯ ತಾಯಿಯೂ ಹೌದು. ‘ಅಳಿಯ’ನು ಗಂಡಸಿಗೆ ಸೋದರಿಯ ಮಗ, ಹಾಗೂ ಮಗಳ ಗಂಡ. ಇವುಗಳಲ್ಲಿ ಅನೇಕಾರ್ಥತೆಯ ದೋಷವನ್ನು ಕನ್ನಡಿಗರು ಕಾಣುವುದಿಲ್ಲ. ಎರಡು ಸ್ಥಾನಗಳನ್ನು ಒಬ್ಬರೇ ತುಂಬಬಹುದಾದ ಬಂಧುವ್ಯವಸ್ಥೆಯಲ್ಲಿ ಅದು ಒಂದೇ ಅರ್ಥ. ಥಾಮಸ್ ಟ್ರಾಟ್‌ಮನ್ ಅವರ 1981ರ ದ್ರಾವಿಡ ಬಂಧುತ್ವದ ಅಧ್ಯಯನವು ಈ ವ್ಯವಸ್ಥೆಯನ್ನು ವಿಸ್ತಾರವಾಗಿ ನಿರೂಪಿಸಿದೆ. ಇಂತಹ ವ್ಯವಸ್ಥೆಯೊಳಕ್ಕೆ ಶರೀರಾವಯವದ ‘ಸಪಿಂಡ’ವನ್ನು ಇಳಿಸಿದರೆ ಸೋದರಮಾವನ ಮಗಳು ನಿಷಿದ್ಧಳಾಗುತ್ತಾಳೆ, ಭಾಷೆ ಸೊಸೆಯೆಂದು ಕರೆಯುವವಳನ್ನು ಶಾಸ್ತ್ರ ಸೊಸೆಯಾಗಿ ಬರಗೊಡದು.

14ನೆಯ ಶತಮಾನದ ವಿಜಯನಗರದಲ್ಲಿ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರು ‘ಪರಾಶರಮಾಧವೀಯ’ದಲ್ಲಿ ಈ ತೊಡಕನ್ನು ಬಿಡಿಸಿದ ರೀತಿ ಗಮನಾರ್ಹ. ಬ್ರಾಹ್ಮಾದಿ ವಿಧಿಗಳಿಂದ ಮದುವೆಯಾದ ಹೆಣ್ಣು ತಂದೆಯ ಗೋತ್ರವನ್ನೂ ಸಾಪಿಂಡ್ಯವನ್ನೂ ಬಿಟ್ಟು ಗಂಡನದನ್ನು ಹೊಂದುತ್ತಾಳೆ. ಆದುದರಿಂದ ಅವಳ ಮಗನಿಗೆ ಅವಳ ಸೋದರನ ಮಗಳು ಸಪಿಂಡೆಯಲ್ಲ. ಶರೀರದ ಅವಯವಗಳು ಮದುವೆಯಿಂದ ಬದಲಾಗಲಾರವು. ಪಿಂಡದಾನದ ಸಂಬಂಧ ಬದಲಾಗಬಲ್ಲದು. ಹಾಗಾಗಿ ಈ ವಾದಕ್ಕೆ ವಿಜ್ಞಾನೇಶ್ವರನ ಅರ್ಥಕ್ಕಿಂತ ಅವನು ತಳ್ಳಿಹಾಕಿದ ಅರ್ಥವೇ ಹೆಚ್ಚು ಹೊಂದುತ್ತದೆ ಎಂದು ನಮಗೆ ತೋರುತ್ತದೆ. ಭರ್ತೃಹರಿಯ ಪಟ್ಟಿಯಲ್ಲಿ ಹಿಂದೆ ನಿಂತಿದ್ದ ‘ದೇಶ’ ಮತ್ತು ‘ಔಚಿತ್ಯ’ಗಳು ಇಲ್ಲಿ ಮುಂದೆ ಬಂದವು.

ಇಷ್ಟರವರೆಗಿನ ಚರಿತ್ರೆಯಲ್ಲಿ ಭಿನ್ನಾಭಿಪ್ರಾಯ ಉಂಟು, ಆದರೆ ಗೊಂದಲವಿಲ್ಲ. ವಿಜ್ಞಾನೇಶ್ವರ, ಜೀಮೂತವಾಹನ, ಮಾಧವ ಮೂವರೂ ತಾವು ಯಾವ ಪ್ರಕರಣದಲ್ಲಿ, ಯಾವ ಆಧಾರದಿಂದ ಅರ್ಥಮಾಡುತ್ತಿದ್ದೇವೆ ಎಂಬುದನ್ನು ಓದುಗನ ಮುಂದಿಡುತ್ತಾರೆ. ಗೊಂದಲ ಹುಟ್ಟಿದ್ದು ಅನುವಾದದಲ್ಲಿ.

6. ಪ್ರಕರಣ ಕಳಚಿದ ಪಠ್ಯ

1810ರಲ್ಲಿ ಕಲ್ಕತ್ತೆಯಲ್ಲಿ ಎಚ್. ಟಿ. ಕೋಲ್‌ಬ್ರೂಕ್ ಅವರು ಹಿಂದೂ ದಾಯವಿಭಾಗದ ಎರಡು ಗ್ರಂಥಗಳನ್ನು ಒಂದೇ ಸಂಪುಟದಲ್ಲಿ ಇಂಗ್ಲಿಷಿಗೆ ತಂದರು. ಒಂದು ‘ದಾಯಭಾಗ’, ಇನ್ನೊಂದು ‘ಮಿತಾಕ್ಷರಾ’ದ ದಾಯವಿಭಾಗ ಪ್ರಕರಣ ಮಾತ್ರ. ಸಂಸ್ಕೃತವರಿಯದ ನ್ಯಾಯಾಧೀಶರಿಗೆ ಈ ಸಂಪುಟವೇ ದಾರಿದೀಪವಾಯಿತು. ಕೋಲ್‌ಬ್ರೂಕ್ ಅವರ ಪಾಂಡಿತ್ಯ ಪ್ರಶ್ನಾತೀತ. ಆದರೆ ಸಂಪುಟದ ರಚನೆಯಿಂದಲೇ ಒಂದು ಕೊರತೆ ಉಂಟಾಯಿತು. ದಾಯವಿಭಾಗವು ವ್ಯವಹಾರಾಧ್ಯಾಯಕ್ಕೆ ಸೇರಿದ್ದು. ‘ಸಪಿಂಡ’ದ ಲಕ್ಷಣವೋ ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿದೆ. ಎಲ್ಲೆಲ್ಲಿ ಈ ಪದ ಬಂದರೂ ಇದೇ ಅರ್ಥ ಎಂದು ವಿಜ್ಞಾನೇಶ್ವರನು ಒಮ್ಮೆ ಹೇಳಿಬಿಟ್ಟಿದ್ದುದರಿಂದ ದಾಯಪ್ರಕರಣದಲ್ಲಿ ಅದನ್ನು ಮತ್ತೆ ಹೇಳುವ ಅಗತ್ಯ ಅವನಿಗಿರಲಿಲ್ಲ. ‘ಮಿತಾಕ್ಷರಾ’ ಎಂಬ ಹೆಸರಿಗೆ ತಕ್ಕ ಮಿತವ್ಯಯವದು. ಅನುವಾದವು ಪದವನ್ನು ಸಾಗಿಸಿತು, ಲಕ್ಷಣವನ್ನು ಹಿಂದೆ ಬಿಟ್ಟಿತು.

ಇದರ ಮೇಲೆ ಇನ್ನೊಂದು ಸಂಗತಿ ಸೇರಿತು. ಮಿತಾಕ್ಷರೆಯ ದಾಯಪ್ರಕರಣದಲ್ಲಿ ಗೋತ್ರಜರನ್ನು ವಿವರಿಸುವಲ್ಲಿ ಬರುವ ‘ಸಪಿಂಡ’ವನ್ನು ಅನುವಾದವು ಪಿಂಡಪ್ರದಾನದಿಂದ ಸಂಬಂಧಪಟ್ಟವರು ಎಂಬ ಅರ್ಥದ ಇಂಗ್ಲಿಷ್ ಪದಪುಂಜದಿಂದ ಸೂಚಿಸಿತು. ಹೀಗೆ ವಿಜ್ಞಾನೇಶ್ವರನು ಹೆಸರಿಸಿ ನಿರಾಕರಿಸಿದ್ದ ಅರ್ಥವೇ ಅವನ ಬಾಯಿಂದ ಹೊರಟಂತಾಯಿತು. ಅದೇ ಸಂಪುಟದಲ್ಲಿ ಪಕ್ಕದಲ್ಲಿಯೇ ಇದ್ದ ದಾಯಭಾಗದ ಸಾಹಚರ್ಯವೂ ಆ ಓದಿಗೆ ಬಲ ಕೊಟ್ಟಿರಬೇಕು. ‘ಚೋರ್’ ಎಂಬುದನ್ನು ‘ಚೋರ’ ಎಂದು ಕೇಳಿಸಿಕೊಂಡ ಕುಮಾರಿಲನ ಸಂಸ್ಕೃತಜ್ಞನಿಗೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ಲಕ್ಷಣವು ಮರಳಿ ಪಠ್ಯವನ್ನು ಸೇರಿದ್ದು ಮುಂಬೈ ಪ್ರಾಂತದಲ್ಲಿ. ರೇಮಂಡ್ ವೆಸ್ಟ್ ಮತ್ತು ಗೇಯಾರ್ಗ್ ಬ್ಯೂಲರ್ ಅವರು 1867ರಿಂದ ಪ್ರಕಟಿಸತೊಡಗಿದ ಹಿಂದೂ ನ್ಯಾಯಸಂಗ್ರಹವು ಆಚಾರಾಧ್ಯಾಯದ ಆ ಭಾಗವನ್ನು ಇಂಗ್ಲಿಷಿನಲ್ಲಿ ದೊರಕಿಸಿತು. ಮೃತನ ದಾಯಾದಿಯೊಬ್ಬನ ವಿಧವೆ ಸಪಿಂಡೆಯೆಂಬ ನೆಲೆಯಲ್ಲಿ ದಾಯಕ್ಕೆ ಅರ್ಹಳೇ ಎಂಬ ವ್ಯಾಜ್ಯವನ್ನು ಮುಂಬೈ ಹೈಕೋರ್ಟು 1876ರಲ್ಲಿ ಅವಳ ಪರವಾಗಿ ನಿರ್ಣಯಿಸಿತು. 1880ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಎತ್ತಿಹಿಡಿಯಿತು. ಮಿತಾಕ್ಷರೆಯಲ್ಲಿ ಸಾಪಿಂಡ್ಯವು ಪಿಂಡಪ್ರದಾನವನ್ನು ಅವಲಂಬಿಸಿಲ್ಲ, ಶರೀರಸಂಬಂಧವನ್ನು ಅವಲಂಬಿಸಿದೆ ಎಂಬುದು ಆಗ ಸ್ಥಿರಪಟ್ಟಿತು. ಪಶ್ಚಿಮ ಭಾರತದಲ್ಲಿ ಬೇರೂರಿದ್ದ ಆಚಾರವೂ ಅವಳ ಹಕ್ಕಿಗೆ ಆಧಾರವಾಯಿತು. ಗಂಡಹೆಂಡಿರು ಒಂದು ಶರೀರವನ್ನು ಆರಂಭಿಸುವುದರಿಂದ ಸಪಿಂಡರು ಎಂದು ಕಲ್ಯಾಣದಲ್ಲಿ ವಧುವಿನ ಆಯ್ಕೆಯ ಚರ್ಚೆಯಲ್ಲಿ ಬರೆದ ಮಾತು, ಏಳೂವರೆ ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ವಿಧವೆಯೊಬ್ಬಳ ಜೀವನಾಧಾರದ ಪ್ರಶ್ನೆಗೆ ಉತ್ತರವಾಯಿತು. ಅನುವಾದದ ಸಂಪುಟವು ಬಿಟ್ಟ ಕೆಲವು ಪುಟಗಳ ಬೆಲೆ ಎಷ್ಟೆಂಬುದನ್ನು ಇದರಿಂದ ಅಳೆಯಬಹುದು.

7. ಶಾಸನದ ಭಾಷೆ

ಸ್ವತಂತ್ರ ಭಾರತದ ಶಾಸನಕಾರರು ಈ ಪದವನ್ನು ಎರಡು ಬಗೆಯಾಗಿ ನಿಭಾಯಿಸಿದರು. 1955ರ ಹಿಂದೂ ವಿವಾಹ ಕಾಯಿದೆಯು ‘ಸಪಿಂಡ’ವನ್ನು ಉಳಿಸಿಕೊಂಡು ಅದಕ್ಕೆ ಎಣಿಕೆಯ ಲಕ್ಷಣವನ್ನು ಕೊಟ್ಟಿತು: ಸಂಬಂಧಪಟ್ಟ ವ್ಯಕ್ತಿಯನ್ನು ಮೊದಲನೆಯ ತಲೆಮಾರೆಂದು ಎಣಿಸಿ, ಮೇಲ್ಮುಖವಾಗಿ ತಾಯಿಯ ಮೂಲಕ ಮೂರನೆಯ, ತಂದೆಯ ಮೂಲಕ ಐದನೆಯ ತಲೆಮಾರಿನವರೆಗೆ. ದೇಹವೋ ಉಂಡೆಯೋ ಎಂಬ ಪ್ರಶ್ನೆಯನ್ನು ಅದು ಎತ್ತಲೇ ಇಲ್ಲ. ವಿಜ್ಞಾನೇಶ್ವರನ ‘ಬೇಲಿ’ಯನ್ನು ಕಿರಿದುಗೊಳಿಸಿ ಅದನ್ನೇ ಅರ್ಥವಾಗಿಸಿತು. ಸಪಿಂಡರ ವಿವಾಹ ಶೂನ್ಯ. ಆದರೆ ಉಭಯ ಪಕ್ಷಗಳ ಆಚಾರ ಒಪ್ಪಿದರೆ ಅಡ್ಡಿಯಿಲ್ಲ. ಈ ಎಣಿಕೆಯಂತೆ ಸೋದರಮಾವನ ಮಗಳು ಸಪಿಂಡೆಯೇ. ಕನ್ನಡನಾಡಿನ ಇಂತಹ ಮದುವೆಗಳು ನಿಂತಿರುವುದು ಆಚಾರದ ವಿನಾಯಿತಿಯ ಮೇಲೆ. ಮಾಧವಾಚಾರ್ಯರು ಪದದ ಅರ್ಥದೊಳಗೆ ಸಾಧಿಸಿದ್ದನ್ನು ಶಾಸನವು ಅರ್ಥದ ಹೊರಗೆ, ಸಂದರ್ಭದ ಷರತ್ತಾಗಿ ಸಾಧಿಸಿತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಾರಸುದಾರರನ್ನು ವರ್ಗಗಳ ಪಟ್ಟಿಯಿಂದ ಹೇಳಿ, ‘ಸಪಿಂಡ’ವನ್ನು ದಾಯದ ಆಧಾರವಾಗಿ ಬಳಸುವುದನ್ನು ಕೈಬಿಟ್ಟಿತು. ಅದರಲ್ಲಿ ಉಳಿದುಕೊಂಡದ್ದು ‘ಮಿತಾಕ್ಷರ ಸಹದಾಯಾದಿತ್ವ’ವೆಂದು ನಾವು ಹೇಳಬಹುದಾದ ಪದಸಮುಚ್ಚಯ. ಇದರ ಎರಡೂ ಭಾಗಗಳು ತಮ್ಮ ಮೂಲಸಂದರ್ಭವನ್ನು ಕಳೆದುಕೊಂಡವು. ಅಕ್ಷರಗಳ ಮಿತವನ್ನು ಹೇಳುತ್ತಿದ್ದ ಗ್ರಂಥನಾಮವು ಒಂದು ನ್ಯಾಯಪರಂಪರೆಯ, ಬಳಿಕ ಒಂದು ಬಗೆಯ ಆಸ್ತಿಯ ಹೆಸರಾಯಿತು. ಸಹದಾಯಾದಿಯನ್ನು ಸೂಚಿಸುವ ‘ಕೋಪಾರ್ಸನರ್’ ಎಂಬ ಇಂಗ್ಲಿಷ್ ಪದವೋ, ಇಂಗ್ಲೆಂಡಿನ ಸಾಮಾನ್ಯ ನ್ಯಾಯದಲ್ಲಿ ಗಂಡುಮಕ್ಕಳಿಲ್ಲದಾಗ ಭೂಮಿಯನ್ನು ಜಂಟಿಯಾಗಿ ಪಡೆಯುವ ಹೆಣ್ಣುಮಕ್ಕಳಿಗೆ ಮುಖ್ಯವಾಗಿ ಸಲ್ಲುತ್ತಿದ್ದುದು. ಭಾರತಕ್ಕೆ ಬಂದ ಮೇಲೆ ಅದು ಗಂಡಸರಿಗಷ್ಟೇ ಮೀಸಲಾಯಿತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯೂ, ಕೇಂದ್ರದ 2005ರ ತಿದ್ದುಪಡಿಯೂ ಹೆಣ್ಣುಮಕ್ಕಳನ್ನು ಅದರೊಳಕ್ಕೆ ತಂದವು. ಪದವೊಂದು ಅರಿವಿಲ್ಲದೆಯೇ ತನ್ನ ಹಳೆಯ ವ್ಯಾಪ್ತಿಯತ್ತ ಒಂದು ಹೆಜ್ಜೆ ಮರಳಿದಂತಾಯಿತು.

8. ಉಪಸಂಹಾರ

ಈ ಚರಿತ್ರೆಯಿಂದ ನಾವು ಮೂರು ನಿಗಮನಗಳನ್ನು ಮಂಡಿಸುತ್ತೇವೆ.

ಒಂದು: ಅನೇಕಾರ್ಥತೆಯು ತನ್ನಷ್ಟಕ್ಕೆ ಸಂವಹನದ ಶತ್ರುವಲ್ಲ. ‘ಪಿಂಡ’ದ ಅನೇಕಾರ್ಥತೆ ಕನ್ನಡಿಗರನ್ನು ದಿನನಿತ್ಯದಲ್ಲಿ ಬಾಧಿಸುವುದಿಲ್ಲ, ಜೀಮೂತವಾಹನನ ಎರಡು ಸಾಪಿಂಡ್ಯಗಳು ಅವನ ಓದುಗರನ್ನು ದಾರಿ ತಪ್ಪಿಸಲಿಲ್ಲ. ಗೊಂದಲಕ್ಕೆ ಎಡೆಯಾದದ್ದು, ಒಂದೇ ಅರ್ಥವೆಂದು ಅತ್ಯಂತ ಸ್ಪಷ್ಟವಾಗಿ ಸಾರಿದ್ದ ಪಠ್ಯದಲ್ಲಿಯೇ. ಸಾರಿದ ಸ್ಥಳ ಮತ್ತು ಬಳಸಿದ ಸ್ಥಳ ಬೇರೆಯಾದದ್ದೇ ಅದಕ್ಕೆ ಕಾರಣ.

ಎರಡು: ಸಂದರ್ಭವನ್ನು ಒಂದು ರಾಶಿಯಾಗಿ ನೋಡದೆ, ಬಲಾಬಲಗಳ ಶ್ರೇಣಿಯಾಗಿ ನೋಡಬೇಕು. ಶಬ್ದಸಾಮರ್ಥ್ಯ, ನೆರೆಯ ಪದ, ಪ್ರಕರಣ, ದೇಶಾಚಾರ ಇವುಗಳಲ್ಲಿ ಯಾವುದನ್ನು ಮೇಲಿಡುತ್ತೇವೆ ಎಂಬುದು ವ್ಯಾಖ್ಯಾನಕಾರನ ನಿರ್ಧಾರ. ಅದನ್ನು ಅವನು ಹೇಳಿದರೆ ಭಿನ್ನಾಭಿಪ್ರಾಯ ಹುಟ್ಟುತ್ತದೆ, ಹೇಳದಿದ್ದರೆ ಗೊಂದಲ ಹುಟ್ಟುತ್ತದೆ. ಇವೆರಡರಲ್ಲಿ ಮೊದಲನೆಯದರೊಡನೆ ಸಮಾಜಗಳು ಬಹುಕಾಲ ಬಾಳಬಲ್ಲವು.

ಮೂರು: ಪಾರಿಭಾಷಿಕ ಪದದ ಅನುವಾದವು ಪದದ ಅನುವಾದವಾಗಿ ಮುಗಿಯುವುದಿಲ್ಲ. ಕಾನೂನು, ಆಡಳಿತ, ವೈದ್ಯಗಳ ಕನ್ನಡ ಪದಕೋಶಗಳಲ್ಲಿ ಒಂದು ಪದದೆದುರು ಇನ್ನೊಂದು ಪದವನ್ನಿಟ್ಟು ಸಾಲು ಮುಗಿಸುವ ಕ್ರಮಕ್ಕೆ ‘ಸಪಿಂಡ’ದ ಇತಿಹಾಸವು ಎಚ್ಚರಿಕೆ. ಅಂತಹ ಪ್ರತಿ ನಮೂದಿನಲ್ಲಿಯೂ ಪದವು ಯಾವ ಪ್ರಕರಣದ್ದು, ಅದರ ಲಕ್ಷಣ ಎಲ್ಲಿದೆ, ಯಾವ ಪ್ರಾಂತದ ಅಥವಾ ಸಮುದಾಯದ ರೂಢಿ ಅದಕ್ಕೆ ಆಧಾರ, ಯಾವ ಅರ್ಥವನ್ನು ಅದು ನಿರಾಕರಿಸುತ್ತದೆ ಎಂಬ ನಾಲ್ಕು ಸಂಗತಿಗಳು ಇರಬೇಕು. ನಾಲ್ಕನೆಯದನ್ನು ಕೋಶಕಾರರು ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ವಿಜ್ಞಾನೇಶ್ವರನು ನಿರಾಕರಿಸಿದ ಅರ್ಥ ಯಾವುದೆಂಬ ಒಂದು ಸಾಲು 1810ರ ಸಂಪುಟದಲ್ಲಿ ಇದ್ದಿದ್ದರೆ, ಮಿತಾಕ್ಷರೆಯ ‘ಸಪಿಂಡ’ವು ಯಾವುದೆಂಬುದನ್ನು ನಿರ್ಣಯಿಸಲು ನ್ಯಾಯಾಲಯಗಳಿಗೆ ಎಪ್ಪತ್ತು ವರ್ಷ ಬೇಕಾಗುತ್ತಿರಲಿಲ್ಲ.